ಬೀಳುತ್ತಲೇ ಇರುವ ಚಂದ್ರ

ಮರದಿಂದ ತೊಟ್ಟು ಕಳಚಿದ ಮಾವಿನ ಹಣ್ಣು ನೆಲಕ್ಕೆ ಬೀಳುತ್ತದೆ. ಅದೇ ಮರದ ಮೇಲುಗಡೆ ಕಾಣುವ ಹುಣ್ಣಿಮೆಯ ಚಂದ್ರನು ಬೀಳುವುದಿಲ್ಲ. ಹಣ್ಣನ್ನು ಎಳೆದುಕೊಂಡ ಭೂಮಿಯು ಚಂದ್ರನನ್ನು ಮಾತ್ರ ಏಕೆ ಬಿಟ್ಟಿತು? ಇದು ಮಕ್ಕಳು ಕೇಳುವ ಪ್ರಶ್ನೆ. ದೊಡ್ಡವರಾದ ಮೇಲೆ ನಾವು ಇದನ್ನು ಕೇಳುವುದನ್ನು ಬಿಡುತ್ತೇವೆ. ಆದರೆ ಉತ್ತರವನ್ನು ತಿಳಿದುಕೊಂಡು ಬಿಟ್ಟವರು ವಿರಳ. ಈಗ ಶ್ರೋತೃಗಳನ್ನೇ ಕೇಳಿದರೆ, ಅಷ್ಟು ಎತ್ತರದಲ್ಲಿ ಭೂಮಿಯ ಆಕರ್ಷಣವು ಇರುವುದಿಲ್ಲವೆಂದು ಕೆಲವರೂ, ಎರಡು ಶಕ್ತಿಗಳು ಒಂದಕ್ಕೊಂದು ಸರಿತೂಗಿ ಚಂದ್ರನನ್ನು ನಡುವೆ ನಿಲ್ಲಿಸಿವೆ ಎಂದು ಕೆಲವರೂ ಹೇಳಿಯಾರು. ಮೊದಲನೆಯ ಉತ್ತರವು ತಪ್ಪು. ಎರಡನೆಯದು ಸರಿಯೆಂಬಂತೆ ತೋರುವ ತಪ್ಪಾದುದರಿಂದ ಅದನ್ನು ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ವಾಸ್ತವವೇನೆಂದರೆ, ಚಂದ್ರನು ಬೀಳುತ್ತಲೇ ಇದ್ದಾನೆ. ನಾವು ಈ ಮಾತನ್ನು ಆಡಿ ಮುಗಿಸುವುದರೊಳಗೆ ಕೂಡ ಅವನು ಸ್ವಲ್ಪ ಬಿದ್ದಿದ್ದಾನೆ. ಎಷ್ಟು ಬಿದ್ದನೆಂಬುದನ್ನು ಅಡಿ ಅಂಗುಲಗಳಲ್ಲಿ ಲೆಕ್ಕಹಾಕಿ ಹೇಳಬಹುದು.

ಹಿಂದಿನವರು ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಕೇಳಿಕೊಂಡಿದ್ದರು. ಚಂದ್ರನು ಏಕೆ ಬೀಳನು ಎಂಬುದಕ್ಕಿಂತಲೂ ಅವನನ್ನು ನಡೆಸುವವರು ಯಾರು ಎಂಬುದೇ ಅವರಿಗೆ ಮುಖ್ಯವಾಗಿದ್ದಿತು. ಎತ್ತು ನಿಂತರೆ ಬಂಡಿ ನಿಲ್ಲುತ್ತದೆ. ಆದುದರಿಂದ ನಿಲ್ಲದೆ ನಡೆಯುವ ಗ್ರಹಗಳಿಗೂ ಎತ್ತಿನಂತಹ ಒಂದು ಚಾಲಕಶಕ್ತಿ ಇರಬೇಕೆಂಬುದು ಸಹಜವಾದ ಊಹೆಯೇ. ನಮ್ಮ ಸೂರ್ಯಸಿದ್ಧಾಂತವು ಪ್ರವಹವೆಂಬ ವಾಯುವು ಗ್ರಹಗಳನ್ನು ಒಯ್ಯುವುದೆಂದೂ, ಕಣ್ಣಿಗೆ ಕಾಣದ ಮೂರ್ತಿಗಳು ಗಾಳಿಯ ಹಗ್ಗಗಳಿಂದ ಅವುಗಳನ್ನು ಅತ್ತಿತ್ತ ಸೆಳೆಯುವುವೆಂದೂ ಹೇಳುತ್ತದೆ. ಗ್ರೀಕರ ಅರಿಸ್ಟಾಟಲನು ಆಕಾಶದ ದ್ರವ್ಯವೇ ಬೇರೆ, ವರ್ತುಲವಾಗಿ ಸುತ್ತುವುದು ಅದರ ಸ್ವಭಾವ ಎಂದುಬಿಟ್ಟನು. ಮಂಗಳನ ಕಕ್ಷೆಯು ವರ್ತುಲವಲ್ಲ, ದೀರ್ಘವೃತ್ತ ಎಂಬುದನ್ನು 1609ರಲ್ಲಿ ಪ್ರಕಟಿಸಿದ ಕೆಪ್ಲರನಂತಹ ಮಹಾಮತಿಯೂ ಸಹ, ಸೂರ್ಯನು ತಾನು ತಿರುಗುತ್ತ ಪೊರಕೆಯಿಂದ ಗುಡಿಸುವಂತೆ ಗ್ರಹಗಳನ್ನು ಮುಂದಕ್ಕೆ ತಳ್ಳುತ್ತಿರುವನೆಂದೇ ನಂಬಿದ್ದನು.

ಇಲ್ಲಿ ಒಂದು ಮಾತು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಭೂಮಿಗೆ ಆಕರ್ಷಣ ಶಕ್ತಿಯುಂಟೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಭಾರವಾದ ವಸ್ತುವನ್ನು ಭೂಮಿಯು ತನ್ನ ಕಡೆಗೆ ಸೆಳೆಯುವುದರಿಂದ ಅದು ಬೀಳುವಂತೆ ನಮಗೆ ತೋರುವುದೆಂದೂ, ಸುತ್ತಲೂ ಸಮವಾದ ಆಕಾಶದಲ್ಲಿ ಭೂಮಿಯು ತಾನು ಎಲ್ಲಿಗೆ ತಾನೇ ಬೀಳಬೇಕೆಂದೂ ಅವರ ವಾದ. ಇದನ್ನು ಹಿಡಿದುಕೊಂಡು, ನ್ಯೂಟನ್ನನಿಗೆ ಉಳಿದಿದ್ದ ಕೆಲಸವೇ ಏನೂ ಇರಲಿಲ್ಲವೆಂದು ಹೇಳುವವರುಂಟು. ಆದರೆ ಆ ಶಕ್ತಿಯು ದೂರ ಹೆಚ್ಚಿದಂತೆ ಎಷ್ಟೆಷ್ಟು ಕುಗ್ಗುವುದೆಂಬ ಲೆಕ್ಕವಾಗಲಿ, ಅದೇ ಶಕ್ತಿಯೇ ಚಂದ್ರನನ್ನೂ ಹಿಡಿದಿರುವುದೆಂಬ ಮಾತಾಗಲಿ ಅಲ್ಲಿ ಇಲ್ಲ. ಆಚಾರ್ಯರು ಹೇಳಿದುದು ತನ್ನಷ್ಟಕ್ಕೆ ತಾನೇ ದೊಡ್ಡದು. ಹೇಳದೆ ಇದ್ದುದನ್ನು ಅವರ ಮೇಲೆ ಹೊರಿಸಬೇಕಾದ ಅಗತ್ಯವಿಲ್ಲ.

ಹದಿನೇಳನೆಯ ಶತಮಾನದಲ್ಲಿ ಗೆಲಿಲಿಯೋ, ಡೆಕಾರ್ಟ್ ಮೊದಲಾದವರು ಬಂಡಿ ಎತ್ತುಗಳ ತರ್ಕವನ್ನೇ ತಲೆಕೆಳಗು ಮಾಡಿದರು. ಎತ್ತು ನಿಂತಾಗ ಬಂಡಿ ನಿಲ್ಲುವುದು ನೆಲದ ಉಜ್ಜಾಟದಿಂದ. ಉಜ್ಜುವ ನೆಲವಾಗಲಿ, ತಡೆಯುವ ಗಾಳಿಯಾಗಲಿ ಇಲ್ಲದಿದ್ದರೆ, ಒಮ್ಮೆ ಹೊರಟ ವಸ್ತುವು ಸರಳರೇಖೆಯಲ್ಲಿ ಅದೇ ವೇಗದಿಂದ ಹೋಗುತ್ತಲೇ ಇರುವುದು. ಅದನ್ನು ನಡೆಸಲು ಯಾರೂ ಬೇಕಿಲ್ಲ. ಹಾಗಾದರೆ ಚಂದ್ರನ ವಿಷಯದಲ್ಲಿ ವಿವರಿಸಬೇಕಾದುದು ಅವನ ನಡೆಯನ್ನಲ್ಲ, ಅವನ ದಾರಿಯು ಬಾಗಿರುವುದನ್ನು. ನೆಟ್ಟಗೆ ಹೋಗಬೇಕಾದವನು ಗಳಿಗೆ ಗಳಿಗೆಗೂ ಭೂಮಿಯ ಕಡೆಗೆ ತಿರುಗಿಕೊಳ್ಳುವುದೇಕೆ?

ಹೊಲದಲ್ಲಿ ಹಕ್ಕಿ ಕಾಯುವವನ ಕವಣೆಯನ್ನು ನೆನೆದುಕೊಳ್ಳಿರಿ. ಕಲ್ಲು ಅವನ ತಲೆಯ ಸುತ್ತ ತಿರುಗುತ್ತದೆ. ಹಗ್ಗವು ಕಲ್ಲನ್ನು ಮುಂದಕ್ಕೆ ತಳ್ಳುವುದಿಲ್ಲ. ಕೈಯ ಕಡೆಗೆ, ಅಂದರೆ ಒಳಮುಖವಾಗಿ, ಎಳೆಯುತ್ತದೆ. ಒಂದು ಎಳೆಯನ್ನು ಬಿಟ್ಟ ಕ್ಷಣದಲ್ಲಿ ಕಲ್ಲು ಆ ಗಳಿಗೆಯಲ್ಲಿ ಯಾವ ದಿಕ್ಕಿಗೆ ಹೋಗುತ್ತಿದ್ದಿತೋ ಅದೇ ದಿಕ್ಕಿಗೆ ನೆಟ್ಟಗೆ ಹಾರಿಹೋಗುತ್ತದೆ. ಚಂದ್ರನಿಗೂ ಭೂಮಿಗೂ ನಡುವೆ ಇಂತಹ ಹಗ್ಗವೊಂದು ಇರಬೇಕು. ಮಾವಿನ ಹಣ್ಣನ್ನು ಕೆಳಕ್ಕೆಳೆದ ಶಕ್ತಿಯೇ ಆ ಹಗ್ಗವೋ, ಅಥವಾ ಅದು ಬೇರೊಂದೋ? ಎರಡೂ ಒಂದೇ ಆಗಿದ್ದಲ್ಲಿ, ಭೂಮಿಗೊಂದು ನಿಯಮ, ಆಕಾಶಕ್ಕೊಂದು ನಿಯಮ ಎಂಬ ಎರಡು ಸಾವಿರ ವರ್ಷಗಳ ನಂಬಿಕೆಯು ಬಿದ್ದುಹೋಗುವುದು. ಎರಡೂ ಬೇರೆಯಾಗಿದ್ದಲ್ಲಿ, ನೆಲದ ಮೇಲೆ ಮಾಡಿದ ಯಾವ ಪ್ರಯೋಗದಿಂದಲೂ ಆಕಾಶವನ್ನು ಅರಿಯುವ ಆಸೆಯನ್ನು ಬಿಡಬೇಕಾಗುವುದು. ಇದನ್ನು ಮಾತಿನಿಂದ ತೀರ್ಮಾನಿಸಲು ಸಾಧ್ಯವಿರಲಿಲ್ಲ, ಲೆಕ್ಕದಿಂದಲೇ ತೀರಬೇಕಾಗಿದ್ದಿತು.

ಆ ಲೆಕ್ಕವು ಪ್ರೌಢಶಾಲೆಯ ವಿದ್ಯಾರ್ಥಿಗೂ ಎಟಕುವಂತಹುದು. ಕೈಯಿಂದ ಬಿಟ್ಟ ಕಲ್ಲು ಮೊದಲನೆಯ ಸೆಕೆಂಡಿನಲ್ಲಿ 16 ಅಡಿ ಬೀಳುತ್ತದೆ. ಭೂಮಿಯ ಕೇಂದ್ರದಿಂದ ನಾವು ಇರುವ ದೂರ ಸುಮಾರು 3,960 ಮೈಲಿ. ಚಂದ್ರನು ಇರುವ ದೂರ ಸುಮಾರು 2,39,000 ಮೈಲಿ, ಅಂದರೆ ಅದರ 60ರಷ್ಟು. ಗ್ರಹಗಳ ದೂರಕ್ಕೂ ಅವು ಸುತ್ತುವ ಕಾಲಕ್ಕೂ ಇರುವ ಸಂಬಂಧವನ್ನು ಕೆಪ್ಲರನು 1619ರಲ್ಲಿ ಪ್ರಕಟಿಸಿದ್ದನು. ಅದರಿಂದ ಹೊರಡುವುದೇನೆಂದರೆ, ದೂರವು ಇಮ್ಮಡಿಯಾದರೆ ಎಳೆತವು ನಾಲ್ಕರಲ್ಲೊಂದು ಪಾಲು, ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಪಾಲು. ಈ ಮೇರೆಗೆ ದೂರವು 60ರಷ್ಟಾದಾಗ ಎಳೆತವು 60ರ ವರ್ಗ, ಅಂದರೆ 3,600ರಲ್ಲಿ ಒಂದು ಪಾಲು. ಹಾಗಾದರೆ ಚಂದ್ರನು ಒಂದು ಸೆಕೆಂಡಿನಲ್ಲಿ 16 ಅಡಿಯ 3,600ನೆಯ ಒಂದು ಭಾಗದಷ್ಟು, ಎಂದರೆ ಅಂಗುಲದ ಸುಮಾರು ಇಪ್ಪತ್ತನೆಯ ಒಂದು ಭಾಗದಷ್ಟು ಬೀಳಬೇಕು. ಬೀಳುವ ದೂರವು ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, 60 ಸೆಕೆಂಡಿನಲ್ಲಿ ಅದು ಮತ್ತೆ 3,600ರಷ್ಟಾಗುತ್ತದೆ. ನೋಡಿರಿ, ಎಷ್ಟು ಸೊಗಸಾಗಿ ಕೂಡಿಬರುವುದು: ಹಣ್ಣು ಒಂದು ಸೆಕೆಂಡಿನಲ್ಲಿ ಬೀಳುವಷ್ಟನ್ನೇ, ಆ 16 ಅಡಿಯನ್ನೇ, ಚಂದ್ರನು ಒಂದು ನಿಮಿಷದಲ್ಲಿ ಬೀಳಬೇಕು.

ಇದು ಊಹೆಯು ಹೇಳಿದ ಅಂಕಿ. ಆಕಾಶವು ಏನು ಹೇಳುತ್ತದೆ? ಚಂದ್ರನು 27 ದಿನ 7 ಗಂಟೆ 43 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತಾನೆ. ಹಾಗೆಂದರೆ ಸೆಕೆಂಡಿಗೆ ಸುಮಾರು ಐದು ಫರ್ಲಾಂಗು, ನಿಮಿಷಕ್ಕೆ 38 ಮೈಲಿ ನಡೆದಂತಾಯಿತು. 38 ಮೈಲಿ ನೆಟ್ಟಗೆ ಹೋಗಿದ್ದರೆ ಅವನು ಎಲ್ಲಿರುತ್ತಿದ್ದನೋ ಆ ಸ್ಥಾನಕ್ಕೂ, ವರ್ತುಲದ ಮೇಲೆ ಅವನು ನಿಜವಾಗಿ ಇರುವ ಸ್ಥಾನಕ್ಕೂ ಇರುವ ಅಂತರವೇ ಅವನ ಪತನ. ರೇಖಾಗಣಿತದ ಪ್ರಕಾರ 38ರ ವರ್ಗವನ್ನು ಕಕ್ಷೆಯ ವ್ಯಾಸದಿಂದ ಭಾಗಿಸಿದರೆ ಈ ಅಂತರವು ದೊರೆಯುತ್ತದೆ. ಭಾಗಿಸಿ, ಬಂದ ಮೈಲಿಯ ಭಿನ್ನರಾಶಿಯನ್ನು ಅಡಿಗಳಿಗೆ ಇಳಿಸಿರಿ. ಬರುವುದು 16 ಅಡಿ.

ನ್ಯೂಟನ್ ಪಂಡಿತನು ಈ ಲೆಕ್ಕಕ್ಕೆ ಮೊದಲು ಕೈಹಾಕಿದುದು 1665, 1666ರ ಸುಮಾರಿನಲ್ಲಿ, ಮಹಾಮಾರಿಯ ದೆಸೆಯಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವು ಮುಚ್ಚಿದ್ದಾಗ, ತನ್ನ ಹಳ್ಳಿಯ ಮನೆಯಲ್ಲಿ ಕುಳಿತು. ಆಗ ಅವನಿಗೆ ಇನ್ನೂ ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸು. ಭೂಮಿಯ ಅಳತೆಯಲ್ಲಿ ಒಂದು ಅಂಶಕ್ಕೆ 60 ಮೈಲಿ ಎಂಬ ಆಗಿನ ಸ್ಥೂಲವಾದ ಲೆಕ್ಕವನ್ನು ಅವನು ಹಿಡಿದನೆಂದೂ, ಸರಿಯಾದ ಅಳತೆಯು 69 ಮೈಲಿಯಾದುದರಿಂದ ಉತ್ತರವು ಹೊಂದದೆ ಕಾಗದಗಳನ್ನು ಬದಿಗಿಟ್ಟನೆಂದೂ, ಅವನ ಗ್ರಂಥದ ಮೂರನೆಯ ಮುದ್ರಣವನ್ನು ನೋಡಿಕೊಂಡ ಪೆಂಬರ್ಟನ್ನನು ಬರೆದಿದ್ದಾನೆ. ಆ ಅಳತೆಯನ್ನು ಹಿಡಿದರೆ 16 ಅಡಿಗೆ ಬದಲು ಸುಮಾರು 14 ಅಡಿ ಬರುವುದೇನೋ ನಿಜ. ಮುದುಕನಾದ ಮೇಲೆ ನ್ಯೂಟನ್ನನು ತಾನೇ ಬರೆದುದರಲ್ಲಿ ಮಾತ್ರ, ಎರಡೂ ಅಂಕಿಗಳು ಸುಮಾರಾಗಿ ಹೊಂದಿದುವೆಂದಿದೆ. ಹೇಗಾದರೂ ಆಗಲಿ, ಅವನಿಗೆ ಅದಕ್ಕಿಂತ ಆಳವಾದ ತೊಡಕೊಂದು ಎದುರಿಗಿದ್ದಿತು. ಹಣ್ಣಿನ ಕೆಳಗಿರುವ ನೆಲ, ಪಕ್ಕದ ಬೆಟ್ಟ, ಭೂಗೋಳದ ಆ ಬದಿಯ ಸಮುದ್ರ ಇವುಗಳ ಪ್ರತಿಯೊಂದು ಕಣವೂ ಹಣ್ಣನ್ನು ಎಳೆಯುವುದಾದರೆ, ದೂರವನ್ನು ಎಲ್ಲಿಂದ ಅಳೆಯಬೇಕು? ಕೇಂದ್ರದಿಂದ ಅಳೆಯಬೇಕೆಂದು ನಾನು ಮೇಲೆ ಸುಮ್ಮನೆ ಹೇಳಿಬಿಟ್ಟೆ. ನ್ಯೂಟನ್ನನು ಅದನ್ನು ಸಾಧಿಸಬೇಕಾಯಿತು. ಗೋಳವೊಂದು ತನ್ನ ದ್ರವ್ಯವೆಲ್ಲವೂ ಕೇಂದ್ರದಲ್ಲಿಯೇ ಸೇರಿದ್ದರೆ ಹೇಗೋ ಹಾಗೆಯೇ ಹೊರಗಿನ ವಸ್ತುವನ್ನು ಎಳೆಯುವುದೆಂಬ ಅವನ ಪ್ರಮೇಯವೇ ಈ ಕಟ್ಟಡದ ಅಡಿಗಲ್ಲು.

ಅವನು ಈ ವಿಷಯವನ್ನು ಸಾವಕಾಶವಾಗಿ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದನು. 1684ರ ಜನವರಿಯಲ್ಲಿ ಲಂಡನ್ನಿನಲ್ಲಿ ರೆನ್, ಹುಕ್, ಹ್ಯಾಲಿ ಎಂಬ ಮೂವರು ವಿದ್ವಾಂಸರು ಮಾತನಾಡುತ್ತ, ಸೂರ್ಯನ ಎಳೆತವು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಗ್ರಹದ ದಾರಿಯು ಯಾವ ಆಕಾರದ್ದಾಗುವುದೆಂದು ಚರ್ಚಿಸಿದರು. ಉತ್ತರವು ತನಗೆ ಗೊತ್ತಿದೆಯೆಂದು ಹುಕ್ಕನು ಹೇಳಿದನು, ತೋರಿಸಲಿಲ್ಲ. ಸಾಧಿಸಿದವರಿಗೆ ನಲವತ್ತು ಷಿಲಿಂಗ್ ಬೆಲೆಯ ಪುಸ್ತಕವನ್ನು ಕೊಡುವೆನೆಂದು ರೆನ್ನನು ಪಂದ್ಯವಿಟ್ಟನು. ಅದೇ ಆಗಸ್ಟಿನಲ್ಲಿ ಹ್ಯಾಲಿಯು ಕೇಂಬ್ರಿಡ್ಜಿಗೆ ಹೋಗಿ ನ್ಯೂಟನ್ನನನ್ನು ಕೇಳಿದಾಗ, ದೀರ್ಘವೃತ್ತವೆಂದು ಒಡನೆಯೇ ಉತ್ತರ ಬಂದಿತು. ಹೇಗೆ ತಿಳಿಯಿತೆಂದರೆ, ಲೆಕ್ಕ ಮಾಡಿದ್ದೇನೆ ಎಂದನು. ಲೆಕ್ಕದ ಕಾಗದ ಮಾತ್ರ ಸಿಕ್ಕಲಿಲ್ಲ! ಹ್ಯಾಲಿಯ ಬಲವಂತದಿಂದ ಅದನ್ನು ಮತ್ತೆ ಬರೆಯತೊಡಗಿದುದೇ ಬೆಳೆಬೆಳೆದು 1687ರಲ್ಲಿ ಪ್ರಿನ್ಸಿಪಿಯಾ ಎಂಬ ಮಹಾಗ್ರಂಥವಾಯಿತು. ಮೀನುಗಳ ಚರಿತ್ರೆಯೊಂದನ್ನು ಅಚ್ಚುಹಾಕಿಸಿ ರಾಯಲ್ ಸೊಸೈಟಿಯ ಬೊಕ್ಕಸವು ಬರಿದಾಗಿದ್ದುದರಿಂದ, ಅಚ್ಚಿನ ವೆಚ್ಚವನ್ನು ಹ್ಯಾಲಿಯೇ ತನ್ನ ಕೈಯಿಂದ ಹಾಕಿದನು. ಅವನ ಹೆಸರನ್ನು ಜನರು ಧೂಮಕೇತುವಿನಿಂದ ಬಲ್ಲರು. ನನ್ನ ಅಭಿಪ್ರಾಯದಲ್ಲಿ ಆ ಕೇಂಬ್ರಿಡ್ಜ್ ಪ್ರಯಾಣವೇ ಅವನ ದೊಡ್ಡ ಕೆಲಸ.

ಬೀಳುತ್ತಿರುವ ವಸ್ತುವು ನೆಲವನ್ನು ಮುಟ್ಟದೆ ಇರುವುದು ಹೇಗೆಂಬುದಕ್ಕೆ ನ್ಯೂಟನ್ನನೇ ಒಂದು ಚಿತ್ರವನ್ನು ಕೊಟ್ಟಿದ್ದಾನೆ. ಅತ್ಯುನ್ನತವಾದ ಪರ್ವತದ ತುದಿಯಿಂದ ಅಡ್ಡಲಾಗಿ ಒಂದು ಗುಂಡನ್ನು ಹಾರಿಸಿರಿ. ಅದು ಸ್ವಲ್ಪ ದೂರ ಹೋಗಿ ಬೀಳುವುದು. ವೇಗವನ್ನು ಹೆಚ್ಚಿಸಿದರೆ ಇನ್ನೂ ದೂರ ಹೋಗಿ ಬೀಳುವುದು. ಭೂಮಿಯು ಗುಂಡಾಗಿರುವುದರಿಂದ, ಐದು ಮೈಲಿ ನೆಟ್ಟಗೆ ಹೋಗುವುದರೊಳಗೆ ನೆಲವು ಸುಮಾರು 16 ಅಡಿ ಕೆಳಕ್ಕೆ ಬಾಗಿರುತ್ತದೆ. ಗುಂಡು ಒಂದು ಸೆಕೆಂಡಿನಲ್ಲಿ ಬೀಳುವುದೂ 16 ಅಡಿಯೇ. ಆದುದರಿಂದ ಸೆಕೆಂಡಿಗೆ ಐದು ಮೈಲಿ ವೇಗದಲ್ಲಿ ಹೋಗುವ ಗುಂಡಿನ ಕೆಳಗೆ, ಅದು ಎಷ್ಟು ಬೀಳುವುದೋ ಅಷ್ಟೇ ನೆಲವೂ ಜಾರಿಹೋಗುವುದು. ಗುಂಡು ಬೀಳುತ್ತಲೇ ಇದ್ದು, ಎಂದಿಗೂ ನೆಲಕ್ಕೆ ಹತ್ತಿರವಾಗದೆ, ಗಾಳಿಯ ತಡೆ ಇಲ್ಲದಿದ್ದಲ್ಲಿ 84 ನಿಮಿಷಗಳಲ್ಲಿ ಭೂಪ್ರದಕ್ಷಿಣೆ ಮಾಡಿ ಹೊರಟಲ್ಲಿಗೇ ಬರುವುದು. ಕಾಗದದ ಮೇಲಿದ್ದ ಈ ಗುಂಡನ್ನು 1957ರ ಅಕ್ಟೋಬರ್ 4ರಂದು ರಷ್ಯನರು ಸ್ಪುಟ್ನಿಕ್ ಎಂಬ ಹೆಸರಿನಲ್ಲಿ ನಿಜವಾಗಿ ಹಾರಿಸಿದರು. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಅದೇ ಮಾರ್ಗವನ್ನು ಹಿಡಿಯಿತು.

ಇನ್ನು, ಎರಡು ಶಕ್ತಿಗಳು ಸರಿತೂಗಿವೆ ಎಂಬ ಉತ್ತರಕ್ಕೆ ಬರೋಣ. ಒಳಕ್ಕೆಳೆಯುವ ಗುರುತ್ವ, ಹೊರಕ್ಕೆಳೆಯುವ ಕೇಂದ್ರಾಪಸಾರಿ ಶಕ್ತಿ ಎಂದು ಹಲವು ಪಾಠಪುಸ್ತಕಗಳಲ್ಲಿ ಬರೆದಿರುತ್ತದೆ. ಎರಡು ಶಕ್ತಿಗಳು ನಿಜವಾಗಿಯೂ ಸರಿತೂಗಿದ್ದರೆ ಚಂದ್ರನ ಮೇಲೆ ಯಾವ ಶಕ್ತಿಯೂ ಇಲ್ಲದಂತೆಯೇ ಆಯಿತಷ್ಟೆ! ಆಗ ಅವನು ನೆಟ್ಟಗೆ ಹೊರಟುಹೋಗಬೇಕಾಗಿದ್ದಿತು. ಚಂದ್ರನೊಡನೆ ತಾನೂ ತಿರುಗುತ್ತ ನೋಡುವವನಿಗೆ ಅಂತಹ ಹೊರಸೆಳೆತವು ತೋರುವುದು ಸರಿ. ಹೊರಗೆ ನಿಂತು ನೋಡುವವನಿಗೆ ಇರುವುದು ಒಂದೇ ಎಳೆತ, ಒಂದು ಹಿಂದಿನ ವೇಗ.

ಎತ್ತರದಲ್ಲಿ ಆಕರ್ಷಣವಿಲ್ಲವೆಂಬ ಉತ್ತರವು ಬಂದುದು ವ್ಯೋಮನೌಕೆಯಲ್ಲಿ ತೇಲಾಡುವ ಮನುಷ್ಯರ ಚಿತ್ರಗಳಿಂದ. 1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮರವರು ಸಲ್ಯೂಟ್ ನಿಲ್ದಾಣದಲ್ಲಿ ತೇಲುತ್ತಿದ್ದುದನ್ನು ಭಾರತೀಯರು ಕಂಡಿದ್ದಾರೆ. ಆದರೆ 250 ಮೈಲಿ ಎತ್ತರದಲ್ಲಿ ಭೂಮಿಯ ಎಳೆತವು ನೆಲದ ಮೇಲಿರುವುದರಲ್ಲಿ ನೂರಕ್ಕೆ 88ರಷ್ಟು ಇದ್ದೇ ಇರುತ್ತದೆ. ಅಷ್ಟು ಎತ್ತರದ ಗೋಪುರವನ್ನು ಕಟ್ಟಿ ಅದರ ಮೇಲೆ ತಕ್ಕಡಿಯಲ್ಲಿ ನಿಂತರೆ, 100 ಪೌಂಡಿನ ಮನುಷ್ಯನು 88 ಪೌಂಡು ತೂಗುವನು. ನೌಕೆಯೂ ಒಳಗಿನವನೂ ಅವನ ಕಾಲಕೆಳಗಿನ ತಕ್ಕಡಿಯೂ ಒಂದೇ ಸಮನಾಗಿ ಬೀಳುತ್ತಿರುವುದರಿಂದ, ಅಲ್ಲಿ ಒಂದನ್ನೊಂದು ಒತ್ತುವುದಿಲ್ಲ. ಆದುದರಿಂದ ಭಾರವು ತೋರುವುದಿಲ್ಲ. ಸ್ಪುಟ್ನಿಕ್ ಮೂರು ತಿಂಗಳಲ್ಲಿ ಕೆಳಗಿಳಿದು ಉರಿದುಹೋದುದು ಗುರುತ್ವವು ಗೆದ್ದುದರಿಂದಲ್ಲ. ಆ ಎತ್ತರದಲ್ಲಿಯೂ ಲೇಶಮಾತ್ರವಾಗಿ ಉಳಿದ ಗಾಳಿಯು ಅದರ ವೇಗವನ್ನು ತಿಂದುದರಿಂದ. ಚಂದ್ರನ ಹಾದಿಯಲ್ಲಿ ಅಂತಹ ಗಾಳಿಯಿಲ್ಲ.

ಒಂದೇ ನಿಯಮವು ಇನ್ನೊಂದೆಡೆಯೂ ನಡೆಯುವುದೇ ಎಂದು ಪರೀಕ್ಷಿಸಲು ಗುರುಗ್ರಹದತ್ತ ನೋಡಿರಿ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡುಹಿಡಿದ ನಾಲ್ಕು ಉಪಗ್ರಹಗಳಲ್ಲಿ ಒಳಗಿನದಾದ ಐಯೋ ಎಂಬುದು ಗುರುವಿನಿಂದ 2,62,000 ಮೈಲಿ ದೂರದಲ್ಲಿದೆ. ನಮ್ಮ ಚಂದ್ರನು ನಮಗಿರುವ ದೂರಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಚಂದ್ರನಿಗೆ 27 ದಿನಕ್ಕೂ ಮೇಲ್ಪಟ್ಟು ಹಿಡಿಯುವ ಸುತ್ತನ್ನು ಐಯೋ ನಲವತ್ತೆರಡೂವರೆ ಗಂಟೆಗಳಲ್ಲಿ ಮುಗಿಸುತ್ತದೆ. ಅಷ್ಟು ವೇಗವಾಗಿ ಓಡುವುದನ್ನು ಹಿಡಿದು ಬಾಗಿಸಬೇಕಾದರೆ ಹಿಡಿಯುವ ಕೈ ಎಷ್ಟು ಬಲವಾದುದಾಗಿರಬೇಕು! ಈ ಎರಡು ಕಾಲಗಳನ್ನು, ಎರಡು ದೂರಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಗುರುವಿನ ದ್ರವ್ಯರಾಶಿಯು ಭೂಮಿಯ 318ರಷ್ಟೆಂದು ತಿಳಿಯುತ್ತದೆ. ಕೂತಲ್ಲಿಂದಲೇ ಗುರುವನ್ನು ತೂಗಿದಂತಾಯಿತು.

ಜಾಣರಾದ ಶ್ರೋತೃಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಹದಿನೆಂಟೂವರೆ ಮೈಲಿ ಹೋಗುತ್ತ, ಅದೇ ಸೆಕೆಂಡಿನಲ್ಲಿ ಸೂರ್ಯನ ಕಡೆಗೆ ಅಂಗುಲದ ಎಂಟನೆಯ ಒಂದು ಭಾಗಕ್ಕೆ ತುಸು ಕಡಿಮೆ ಬೀಳುತ್ತದೆ. ಸೂರ್ಯನಿಂದ ಚಂದ್ರನ ದೂರವೂ ಹೆಚ್ಚುಕಡಿಮೆ ಅಷ್ಟೇ ಆದುದರಿಂದ, ಚಂದ್ರನೂ ಸೂರ್ಯನ ಕಡೆಗೆ ಅಷ್ಟೇ ಬೀಳಬೇಕು. ಭೂಮಿಯ ಕಡೆಗೆ ಅವನು ಬೀಳುವುದು ಇಪ್ಪತ್ತನೆಯ ಒಂದು ಭಾಗ ಮಾತ್ರ. ಎಂದರೆ ಚಂದ್ರನನ್ನು ಭೂಮಿಗಿಂತಲೂ ಸೂರ್ಯನೇ ಎರಡರಷ್ಟಕ್ಕೂ ಹೆಚ್ಚಾಗಿ ಎಳೆಯುತ್ತಿದ್ದಾನೆ! ಹಾಗಿದ್ದೂ ಸೂರ್ಯನು ಚಂದ್ರನನ್ನು ನಮ್ಮಿಂದ ಕಸಿದುಕೊಳ್ಳದಿರುವುದೇಕೆ? ಸೂರ್ಯನು ಇಬ್ಬರನ್ನೂ ಸರಿಸಮನಾಗಿ ಎಳೆಯುವುದರಿಂದ. ನೌಕೆಯೂ ಒಳಗಿನವನೂ ಕೂಡಿ ಬೀಳುವಂತೆ, ಭೂಮಿ ಚಂದ್ರರು ಕೂಡಿಯೇ ಸೂರ್ಯನ ಕಡೆಗೆ ಬೀಳುತ್ತಿದ್ದಾರೆ. ಅವರಿಬ್ಬರ ನಡುವಣ ಸಂಬಂಧವು ಅದರಿಂದ ಕದಡುವುದು ಅತ್ಯಲ್ಪ. ಸೂರ್ಯನ ಸುತ್ತ ಚಂದ್ರನು ನಡೆಯುವ ದಾರಿಯನ್ನು ಚಿತ್ರಿಸಿದರೆ, ನಾವು ಎಣಿಸುವಂತೆ ಅದರಲ್ಲಿ ಸುರುಳಿಗಳಿರುವುದಿಲ್ಲ. ಎಲ್ಲೆಡೆಯೂ ಅದು ಸೂರ್ಯನ ಕಡೆಗೇ ಬಾಗಿರುತ್ತದೆ.

ಆ ಅತ್ಯಲ್ಪವಾದ ಕದಡುವಿಕೆಯನ್ನು ದಿನವೂ ಎದುರಿಸುವವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಸುಮಾರು 22,200 ಮೈಲಿ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯು ತಿರುಗುವ ಕಾಲದಲ್ಲಿಯೇ ಒಂದು ಸುತ್ತು ಮುಗಿಸುವುದರಿಂದ, ಆಕಾಶದಲ್ಲಿ ನಿಂತಲ್ಲಿಯೇ ನಿಂತಂತೆ ಕಾಣುತ್ತದೆ. ಇಂತಹವುಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೇಂದ್ರವು 1982ರಲ್ಲಿ ಹಾಸನದಲ್ಲಿ ಸ್ಥಾಪಿತವಾಯಿತು. ಸೂರ್ಯ ಚಂದ್ರರ ಎಳೆತವು ಉಪಗ್ರಹಗಳನ್ನು ಸ್ವಸ್ಥಾನದಿಂದ ಮೆಲ್ಲನೆ ಜಗ್ಗುತ್ತಿರುವುದರಿಂದ, ಆಗಾಗ ಅವುಗಳ ಸಣ್ಣ ಯಂತ್ರಗಳನ್ನು ಉರಿಸಿ ಸರಿಪಡಿಸಬೇಕಾಗುತ್ತದೆ. ಅದಕ್ಕೆಂದು ಒಯ್ದ ಇಂಧನವು ಮುಗಿದರೆ, ಉಳಿದ ಯಂತ್ರಗಳು ಚೆನ್ನಾಗಿದ್ದರೂ ಉಪಗ್ರಹದ ಆಯುಸ್ಸು ತೀರಿದಂತೆಯೇ. 2023ರಲ್ಲಿ ಚಂದ್ರಯಾನ 3ರ ನೌಕೆಯು ಚಂದ್ರನ ಬಳಿ ಬಂದಾಗ, ಆಗಸ್ಟ್ 5ರಂದು, ಅದರ ಯಂತ್ರವನ್ನು ಸುಮಾರು ಅರ್ಧ ಗಂಟೆ ಕಾಲ ಉರಿಸಲಾಯಿತು. ಅದು ಮುಂದೋಡುವುದಕ್ಕಲ್ಲ, ವೇಗವನ್ನು ತಗ್ಗಿಸುವುದಕ್ಕೆ. ತಗ್ಗಿಸದೆ ಇದ್ದಿದ್ದರೆ, ಚಂದ್ರನ ದುರ್ಬಲವಾದ ಎಳೆತವು ದಾರಿಯನ್ನು ಸ್ವಲ್ಪ ಬಾಗಿಸಿ, ನೌಕೆಯನ್ನು ಹಾಗೆಯೇ ಹೋಗಗೊಡುತ್ತಿದ್ದಿತು. ಬೆಂಗಳೂರಿನಲ್ಲಿ ಕುಳಿತವರು ಆ ಹೊತ್ತು ಲೆಕ್ಕ ಹಾಕುತ್ತಿದ್ದುದೂ ಕವಣೆಯ ಲೆಕ್ಕವನ್ನೇ.

ಗುರುತ್ವವು ತಾನು ಏನು, ಶೂನ್ಯದ ಮೂಲಕ ಅದು ಹೇಗೆ ಎಟಕುವುದು ಎಂಬುದನ್ನು ನ್ಯೂಟನ್ನನು ಹೇಳಲಿಲ್ಲ. ಬುಧಗ್ರಹದ ಕಕ್ಷೆಯಲ್ಲಿ ನೂರು ವರ್ಷಕ್ಕೆ ವೃತ್ತಾಂಶದ 43 ವಿಕಲೆಗಳಷ್ಟು ಉಳಿದುಬಂದಿದ್ದ ವ್ಯತ್ಯಾಸವನ್ನು 1915ರಲ್ಲಿ ಐನ್‌ಸ್ಟೈನನು ಬಗೆಹರಿಸಿದಾಗ, ಆ ಪ್ರಶ್ನೆಗೆ ಹೊಸದೊಂದು ರೂಪವು ಬಂದಿತು. ಅದು ಇನ್ನೊಂದು ಭಾಷಣದ ವಿಷಯ.

ಕಡೆಯದಾಗಿ, ಚಂದ್ರನು ಎಂದಾದರೂ ಬೀಳುವನೇ ಎಂಬ ಭಯವಿದ್ದವರಿಗೆ ಒಂದು ಅಳತೆಯನ್ನು ತಿಳಿಸುತ್ತೇನೆ. 1969ರ ಜುಲೈಯಲ್ಲಿ ಅಪೋಲೋ 11ರ ಯಾತ್ರಿಕರು ಚಂದ್ರನ ಮೇಲೆ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ದರ್ಪಣಗಳನ್ನು ಇಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಕಿರಣವು ಅವುಗಳಿಗೆ ತಗುಲಿ ಎರಡೂವರೆ ಸೆಕೆಂಡಿನಲ್ಲಿ ಹಿಂತಿರುಗುತ್ತದೆ. ಆ ಕಾಲದಿಂದ ದೂರವನ್ನು ಅಂಗುಲದವರೆಗೆ ಗುಣಿಸಬಹುದು. ಚಂದ್ರನ ಎಳೆತದಿಂದ ಉಬ್ಬಿದ ಸಮುದ್ರದ ನೀರನ್ನು, ವೇಗವಾಗಿ ತಿರುಗುವ ಭೂಮಿಯು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ಮುಂದಿರುವ ಆ ಉಬ್ಬು ಚಂದ್ರನನ್ನು ಅವನ ದಾರಿಯಲ್ಲಿಯೇ ಮುಂದಕ್ಕೆ ಜಗ್ಗುತ್ತದೆ. ಅದಕ್ಕೆ ಪ್ರತಿಯಾಗಿ ಭೂಮಿಯ ತಿರುಗಾಟವು ನಿಧಾನವಾಗುತ್ತದೆ. ಹೀಗೆ ಜಗ್ಗಿಸಿಕೊಂಡ ಚಂದ್ರನ ಕಕ್ಷೆಯು ವರ್ಷಕ್ಕೆ ಒಂದೂವರೆ ಅಂಗುಲದಷ್ಟು ಅಗಲವಾಗುತ್ತಿದೆ.